ಚನ್ನನ ಪಾರ್ಟು

"ಟೊಂಕದ ಮ್ಯಾಲ ಕೈ ಇಟ್ಕೊಂಡ ಇನ್ನೊಮ್ಮೆ ಬರ್ರಿ," ಎಂದು ನಾಟಕ ಆಡಿಸುವ ಅರುಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಚನ್ನ ಎಂಥಾಂವ ಅನ್ನೂದು ಮಂದಿಗೆ ನೋಡಿದ ಕೂಡ್ಲೆ ತಿಳೀಬೇಕು."

ತುಕಾರಾಮ ಮತ್ತೆ ಬಾಗಿಲ ತನಕ ಹೋಗಿ ನಡೆದುಕೊಂಡು ಬಂದ. ಈ ಸಲ ಸೊಂಟಕ್ಕೆ ಕೈ ಇಡಲಿಲ್ಲ. ಅಂಗಿಯ ತೋಳನ್ನು ಎರಡು ಬೆರಳಿನಿಂದ ಎಳೆದು ಸರಿಮಾಡಿಕೊಂಡ. ಹಣೆಗೆ ಬಿದ್ದ ಕೂದಲನ್ನು ಊದಿ ಹಾರಿಸಿದ. ಕುರ್ಚಿಯ ಧೂಳನ್ನು ಅಂಗೈಯಿಂದ ಒರೆಸಿ, ಮೊಣಕಾಲು ಜೋಡಿಸಿ ತುದಿಯಲ್ಲಿ ಕುಳಿತ. "ಅಯ್ಯ, ನನಗ್ಯಾಕ ಬೇಕೋ ಈ ಲಗ್ನ," ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

ಜಮಖಂಡಿಯ ಆ ಹಳೆಯ ವಾಚನಾಲಯದ ಮಹಡಿಯಲ್ಲಿ ಪಾರ್ಟು ಕೇಳಲು ಬಂದು ಸರದಿಗೆ ಕಾಯುತ್ತಿದ್ದವರೆಲ್ಲ ಹೋ ಎಂದು ನಕ್ಕರು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಈಶ್ವರನೂ ನಗಲು ಹೋದವನು ಅರ್ಧಕ್ಕೆ ನಿಂತ. ಕುರ್ಚಿ ಒರೆಸುವುದು ಅವನ ಅಭ್ಯಾಸ. ಕೂದಲು ಊದುವುದೂ ಅವನದೇ. ಸಣ್ಣವನಿದ್ದಾಗ ಮುಂದಿನ ಹಲ್ಲು ಮುರಿದಂದಿನಿಂದ ಅವನು ಬಾಯಿ ಮುಚ್ಚಿಕೊಂಡೇ ನಗುತ್ತಿದ್ದ.

"ಭಾರಿ ಮಾಡಿದಿಯಲೇ!" ತಂಡದ ಹಳೆಯ ನಟ ಮುರಗೆಪ್ಪ ಕಣ್ಣೊರೆಸಿಕೊಂಡ. "ಖರೇ ಹೇಳು, ಎಲ್ಲಿ ಕಲ್ತಿ?"

"ನಮ್ಮ ಅಂಗಡ್ಯಾಗ ದಿನಾ ನೋಡ್ತೇನಲ್ರಿ," ಎಂದ ತುಕಾರಾಮ, ನಗುವಿನ ಅಮಲಿನಲ್ಲೇ. "ಅಲ್ಲಿ ನಿಂತಾನ ನೋಡ್ರಿ."

ಎಲ್ಲರೂ ಹೊರಳಿ ನೋಡಿದರು. ಈಶ್ವರನ ಕೈ ಆಗಲೇ ಬಾಯಿಯ ಹತ್ತಿರ ಬಂದಿತ್ತು. ಅದನ್ನು ಕೆಳಗಿಳಿಸಿದ. ನಗು ಇನ್ನಷ್ಟು ಜೋರಾಯಿತು.

ಇಬ್ಬರೂ ಬನಹಟ್ಟಿಯವರು. ಜಮಖಂಡಿಯ ಒಂದು ಸೀರೆ ಅಂಗಡಿಯಲ್ಲಿ ಕೆಲಸ, ದಿನಾ ತುಕಾರಾಮನ ಬೈಕಿನ ಮೇಲೆ ಹೋಗಿ ಬರುವುದು. ಹೋದ ವರ್ಷದ ಮಳೆಗಾಲದಲ್ಲಿ ಬೀಳಗಿಗೆ ಮದುವೆಗೆ ಹೋಗಿ ಬರುವಾಗ ಹಾದಿಯಲ್ಲಿ ಹೊಳೆ ನೋಡಲು ಗಾಡಿ ನಿಲ್ಲಿಸಿದ್ದರು. ತನಗೆ ಹೆಣ್ಣು ಯಾಕೆ ಬೇಡ ಎಂಬುದನ್ನು ಈಶ್ವರ ಅಲ್ಲಿ, ನೀರಿನ ಕಡೆ ಮುಖ ಮಾಡಿ ಹೇಳಿದ್ದ. ಬೇರೆ ಯಾರಿಗೂ ಹೇಳಿರಲಿಲ್ಲ. ತುಕಾರಾಮ ಗಾಡಿಗೆ ಕಿಕ್ ಹೊಡೆದು, "ಆತ ಬಿಡಲೇ. ನೀ ನನ್ನ ದೋಸ್ತ. ಹೊಟ್ಟಿ ಹಸದೈತಿ, ನಡಿ," ಎಂದಿದ್ದ. ಆ ಮಾತಿನ ಮೇಲೆ ಈಶ್ವರ ಒಂದು ವರ್ಷ ನಿಶ್ಚಿಂತೆಯಿಂದ ಬದುಕಿದ್ದ.

ಈ ನಾಟಕದ ಸುದ್ದಿ ತಂದವನೂ ಅವನೇ. ಕಾಲೇಜಿನಲ್ಲಿ ಕಲಿಸುವ ಮನೀಷಾ ಬರೆದ ಹಾಸ್ಯ ನಾಟಕ ಅದು. ಪರಶು ತನ್ನ ಗೆಳೆಯ ಚನ್ನನಿಗೆ ಹೆಣ್ಣು ತೋರಿಸಿ ತೋರಿಸಿ ಸೋಲುತ್ತಾನೆ. ಕೊನೆಗೆ ಚನ್ನ, ತನ್ನ ಮನಸ್ಸು ಹೋಗುವುದು ಗಂಡಸರ ಮೇಲೆ ಎಂದು ಹೇಳಿಬಿಡುತ್ತಾನೆ. ಮುಂದೆಲ್ಲ ಪರಶುವಿನ ಪರದಾಟ. ಆ ಒಂದು ಮಾತನ್ನು ನಾಟಕದ ನೆಪದಲ್ಲಾದರೂ ಜನರ ಮುಂದೆ ದೊಡ್ಡ ದನಿಯಲ್ಲಿ ಆಡಬೇಕೆಂದು ಈಶ್ವರನಿಗೆ ಆಸೆಯಾಗಿತ್ತು. ಒಬ್ಬನೇ ಬರಲು ಅಂಜಿ ತುಕಾರಾಮನನ್ನು ಎಳೆದು ತಂದಿದ್ದ.

"ಈಗ ನೀವ ಬರ್ರಿ," ಎಂದ ಅರುಣ. "ಖರೇ ಮಾಲ ಹೆಂಗೈತಿ ನೋಡೂಣು."

"ಅರುಣ, ಸುಮ್ನಿರು," ಎಂದಳು ಪಕ್ಕದಲ್ಲಿದ್ದ ಮನೀಷಾ.

ಮೆಟ್ಟಿಲು ಈಶ್ವರನ ಬಲಕ್ಕೇ ಇತ್ತು. ಇಳಿದು ಹೋಗಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಅವನು ನಡುವೆ ಹೋಗಿ ನಿಂತು, "ಪರಶುನ ಮಾತ ಇಂವಾ ಓದ್ಲಿ," ಎಂದು ತುಕಾರಾಮನ ಕಡೆ ಕೈ ಮಾಡಿದ.

ಎರಡು ಕುರ್ಚಿ ಹಾಕಿದರು. ತುಕಾರಾಮ ಹಾಳೆ ಹಿಡಿದು ಕುಳಿತ. ಈಶ್ವರ ಬೆಲ್ಟಿಗೆ ಎರಡೂ ಹೆಬ್ಬೆರಳು ಸಿಕ್ಕಿಸಿ ಪ್ಯಾಂಟನ್ನು ಜಗ್ಗಿ ಮೇಲೇರಿಸಿದ. ಮೂಗಿನಲ್ಲಿ ಒಮ್ಮೆ ಗೊರ್ರೆಂದ. ಕುರ್ಚಿಯನ್ನು ಕಾಲಿನಿಂದ ಹೊರಳಿಸಿ, ಎರಡೂ ಕಾಲು ಅಗಲಿಸಿ ಧಪ್ಪನೆ ಕುಳಿತು ಮೀಸೆಯ ತುದಿ ಕಚ್ಚತೊಡಗಿದ.

"ಇದ ಎಷ್ಟನೇ ಹೆಣ್ಣಲೇ?" ತುಕಾರಾಮ ಓದಿದ. "ಒಂದಕ್ಕರ ಹೂಂ ಅನ್ನು. ಎಂಥಾ ಹೆಣ್ಣ ಬೇಕ ನಿನಗ?"

"ಹೆಣ್ಣ ಬ್ಯಾಡಲೇ ಹುಚ್ಚಾ!" ಈಶ್ವರ ಒಡಕು ದನಿಯಲ್ಲಿ ಗುಡುಗಿ ತುಕಾರಾಮನ ತೊಡೆಯ ಮೇಲೆ ಫಟಾರನೆ ಬಾರಿಸಿದ. "ಚಹಾ ತಂದ ಕೊಟ್ಟನಲ್ಲ ಆಕಿ ಅಣ್ಣ, ಅಂವನ್ನ ನೋಡಿ ಎರಡ ಕಪ್ಪ ಕುಡದೆ!"

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಬೆಳಗಿನಿಂದ ಪಕ್ಕದವರ ತೊಡೆಗೆಲ್ಲ ಹೀಗೇ ಬಾರಿಸುತ್ತ ಕುಳಿತಿದ್ದವನು ತುಕಾರಾಮ. ಮೊದಲು ಮುರಗೆಪ್ಪನಿಗೆ ಹೊಳೆಯಿತು.

"ಏ, ಇದ ತುಕ್ಯಾನ ನಕಲ ಅಲ್ಲೇನಲೇ!"

ನಗು ಸಿಡಿಯಿತು. ಮನೀಷಾ ಹಾಳೆಗಳನ್ನು ಮುಖಕ್ಕೆ ಒತ್ತಿ ನಗುತ್ತಿದ್ದಳು. ಈಶ್ವರ ಬಿಡಲಿಲ್ಲ. ತುಕಾರಾಮನ ಹಾಗೆಯೇ ಎದೆ ಕೆರೆದುಕೊಂಡು, ಅವನ ಹೆಗಲಿಗೆ ಭಾರವಾಗಿ ಕೈ ಹಾಕಿ, ಹಾಳೆಯಲ್ಲಿದ್ದ ಮುಂದಿನ ಮಾತು ಆಡಿದ: "ನೀ ನನ್ನ ದೋಸ್ತ ಹೌದಲ್ಲೋ?"

ಹೌದು, ಅದಕ್ಕ ಅಂಜಿಕಿ ಬರಾಕತ್ತೈತಿ ಎಂದು ಪರಶು ಹೇಳಬೇಕಿತ್ತು. ತುಕಾರಾಮ ಹಾಳೆ ಬಿಸಾಡಿ ಈಶ್ವರನ ಕೊರಳಪಟ್ಟಿ ಹಿಡಿದೆತ್ತಿದ.

"ನನ್ನ ಹಂಗ ಮಾಡಿ ತೋರಸ್ತಿ ಏನಲೇ? ಮುಧೋಳದಾಗ ಹೆಣ್ಣ ಗೊತ್ತ ಮಾಡ್ಯಾರ ನನಗ!"

"ನೀ ಯಾರ ಹಂಗ ಮಾಡಿದ್ದಿ?"

"ನಂದ ಬ್ಯಾರೆ!"

"ಏನ ಬ್ಯಾರೆ, ಹೇಳು."

"ನೀ ಖರೇನ ಹಂಗ ಅದೀಯಲ್ಲಲೇ!"

ನಗು ನಿಂತುಹೋಯಿತು. ಕೆಳಗೆ ರಸ್ತೆಯಲ್ಲಿ ಯಾವುದೋ ಆಟೋ ಒಂದೇ ಸಮ ಹಾರನ್ ಒತ್ತುತ್ತಿತ್ತು. ತುಕಾರಾಮನ ಹಿಡಿತ ತಾನಾಗಿ ಸಡಿಲಾಯಿತು. ಈಶ್ವರ ಕೊರಳಪಟ್ಟಿ ಸರಿಮಾಡಿಕೊಂಡು ಅರುಣನ ಕಡೆ ತಿರುಗಿದ. ಮಾತು ತಡವರಿಸದೆ ಬಂತು.

"ಹೌದ, ಅದೇನಿ. ಪಾರ್ಟ ಕೊಡ್ತೀರೋ ಇಲ್ಲೋ ಅಷ್ಟ ಹೇಳ್ರಿ."

ಮುರಗೆಪ್ಪ ಬೆಂಚಿನ ಮೇಲೆ ತುಸು ಆ ಕಡೆ ಸರಿದ. ಅರುಣ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. "ತಪ್ಪ ತಿಳ್ಕೋಬ್ಯಾಡ್ರಿ. ನಾಟಕ ಅಂದ್ರ ನಾಟಕ ಇರಬೇಕು. ಖರೇನ ಹಂಗಿದ್ದಾಂವ ಬಂದ ನಿಂತ್ರ ಮಂದಿ ನಗೂದಿಲ್ರಿ, ಕಲ್ಲ ಒಗೀತಾರ."

"ಈಗ ನಕ್ಕಿರಲ್ಲ," ಎಂದಳು ಮನೀಷಾ.

"ಆಗ ಗೊತ್ತಿರಲಿಲ್ಲ."

"ನಾ ಇದನ್ನ ಬರದದ್ದ ಇಂಥಾವರ ಸಲುವಾಗಿ, ಅರುಣ. ಚನ್ನನ ಪಾರ್ಟ ಇವರ ಮಾಡ್ಬೇಕು. ಇಲ್ಲಾಂದ್ರ ನಾಟಕ ನನ್ನ ಹತ್ರ ಇರಲಿ."

ಇಂಥಾವರು ಎಂಬ ಮಾತು ಈಶ್ವರನಿಗೆ ಅರುಣನ ಕಲ್ಲಿಗಿಂತ ಹೆಚ್ಚು ನಾಟಿತು. ಅರುಣ ಪಾರ್ಟಿನ ಪಟ್ಟಿಯಲ್ಲಿ ಹೆಸರು ಬರೆದುಕೊಂಡ. "ಆತು. ಮಾಡ್ಲಿ," ಎಂದ ಕೊನೆಗೆ. ಯಾರ ಮುಖದಲ್ಲೂ ಸಂತೋಷವಿರಲಿಲ್ಲ. "ತುಕಾರಾಮ, ನೀವ ಪರಶು ಮಾಡ್ರಿ. ಜೋಡಿ ಛಲೋ ಕೂಡ್ತೈತಿ."

"ಇವನ ಜೋಡಿ ನಾ ಸ್ಟೇಜ್ ಹತ್ತೂದಿಲ್ರಿ. ನಾಳಿಗೆ ಅಂಗಡ್ಯಾಗ ಇವನ ಬಾಜೂಕ ಹೆಂಗ ನಿಲ್ಲಲಿ ಅನ್ನೂದ ನನಗ ಚಿಂತಿ ಆಗೇತಿ." ತುಕಾರಾಮ ಈಶ್ವರನನ್ನು ದಾಟಿ ಮೆಟ್ಟಿಲ ತನಕ ಹೋದವನು ತಿರುಗಿ ನಿಂತ. "ನಾ ಬರೇ ನಗಸಾಕ ಮಾಡಿದ್ದೆ. ನೀ ಮಾಡಿದ್ದ ಸಿಟ್ಟಿಲೇ."

"ಹೌದ," ಎಂದ ಈಶ್ವರ. "ಸಿಟ್ಟಿಲೇ ಮಾಡೇನಿ."

ಬೈಕಿನ ಸದ್ದು ಕೇಳಿಸಿ ದೂರವಾಯಿತು. ಮನೀಷಾ ಅವನ ಕೈಗೆ ನಾಟಕದ ಹಾಳೆ ಕೊಟ್ಟು, ಶನಿವಾರ ತಾಲೀಮಿಗೆ ಬರಲು ಹೇಳಿದಳು. ಅವನು ತಲೆಯಾಡಿಸಿ ಇಳಿದು, ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿಗೆ ನಡೆದ.

ಬನಹಟ್ಟಿಯ ಬಸ್ಸು ಊರು ದಾಟಿ ಸ್ವಲ್ಪ ದೂರ ಹೋಗಿ ನಿಂತಿತು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ರಸ್ತೆಗೆ ಅಡ್ಡಲಾಗಿ ಹೊರಳುತ್ತಿತ್ತು. ಈಶ್ವರನ ಕಿಟಕಿಯ ಕೆಳಗೇ ತುಕಾರಾಮನ ಬೈಕು ನಿಂತಿತ್ತು. ಇಷ್ಟು ಹೊತ್ತು ಎಲ್ಲಿದ್ದನೋ. ಒಂದು ಕಾಲು ನೆಲಕ್ಕೂರಿ ಟ್ರ್ಯಾಕ್ಟರನ್ನೇ ನೋಡುತ್ತಿದ್ದ. ತಲೆ ಎತ್ತಿದ್ದರೆ ಕಾಣುತ್ತಿತ್ತು. ಈಶ್ವರನೂ ಕರೆಯಲಿಲ್ಲ.

ಟ್ರ್ಯಾಕ್ಟರು ಹಾಡು ಒದರಿಸುತ್ತ ಪಕ್ಕದಲ್ಲಿ ಹಾದುಹೋಯಿತು. ಕಬ್ಬಿನ ಒಣಗಿದ ಗರಿಯೊಂದು ಹಾರಿ ಬಂದು, ದಿನಾ ಈಶ್ವರ ಕೂಡುತ್ತಿದ್ದ ಬೈಕಿನ ಹಿಂದಿನ ಸೀಟಿನ ಮೇಲೆ ಬಿತ್ತು. ತುಕಾರಾಮ ಗೇರ್ ಹಾಕಿದ. ಬೈಕು ಧೂಳೆಬ್ಬಿಸಿ ಮುಂದೆ ಹೋದಾಗಲೂ ಅದು ಸೀಟಿಗೆ ಅಂಟಿಕೊಂಡು ಪಟಪಟ ಅದುರುತ್ತಿತ್ತು.