ಶಿರಸ್ತ್ರಾಣದ ಒಳಗಿನ ತೊಗಲು

ಕಾಣುವುದು ಬೆರಳಗಲದ ಬೆಳಕು, ಅಷ್ಟೇ — ಅದರಲ್ಲಿ ಕಿಟಕಿಯ ಕೆಳಗಿನ ಅರ್ಧ ಇದೆ, ಮೇಲಿನ ಅರ್ಧ ಇಲ್ಲ, ಗೋಡೆಗೆ ಒರಗಿಸಿದ ಈಟಿಗಳ ನಡು ಇದೆ, ತುದಿ ಇಲ್ಲ, ತನ್ನ ಕಾಲು ಎಲ್ಲಿ ಹೋಯಿತೋ ಗೊತ್ತಿಲ್ಲ, ಇಷ್ಟೇ ನೋಡಿಕೊಂಡು ಈ ಗಂಡಸರು ಕುದುರೆ ಓಡಿಸುತ್ತಾರೆಯೇ, ಎದುರಿಗೆ ಬರುವವನು ಅರ್ಧ ಮಾತ್ರ ಕಂಡರೆ ಯಾವ ಅರ್ಧಕ್ಕೆ ಹೊಡೆಯುವುದು, ಅಪೊಲೋನಿಯಾಗೆ ನಗು ಬಂತು, ಆ ನಗು ಕಬ್ಬಿಣದೊಳಗೇ ಸುತ್ತಿ ತನ್ನ ಕಿವಿಗೇ ಬಂದು ಬಡಿಯಿತು, ಬೇರೆ ಯಾರೋ ಪಕ್ಕದಲ್ಲಿ ನಿಂತು ನಕ್ಕ ಹಾಗೆ. ಗಂಡ ಕಾಸ್ಪರ್ ಲಾಯದಲ್ಲಿದ್ದಾನೆ, ಕುದುರೆಗೆ ಲಾಳ ಹೊಡೆಸುತ್ತಿದ್ದಾನೆ, ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿದದ್ದೇ ತುರ್ಕರ ಗಡಿಗೆ ಹೊರಡುವವನು, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಆದರೂ ಊಟವಾದದ್ದೇ ತಡ ಈ ಆಯುಧದ ಕೋಣೆಗೆ ಬಂದು ಅಗಳಿ ಹಾಕಿಕೊಳ್ಳುತ್ತಾನೆ, ಏನ್ ಮಾಡ್ತೀರಿ ಒಳಗೆ ಅಂದರೆ ಎಣ್ಣೆ ಹಚ್ತೀನಿ ಅನ್ನುತ್ತಾನೆ, ಎಣ್ಣೆ ಹಚ್ಚೋಕೆ ಆಳಿಲ್ವಾ ಅಂದರೆ ಇದಕ್ಕೆ ನನ್ನ ಕೈಯೇ ಆಗ್ಬೇಕು ಕಣೇ, ಅನ್ನುತ್ತಾನೆ. ಸವತಿ ಇದ್ದಿದ್ದರೆ ಜಡೆ ಹಿಡಿದು ಜಗಳವಾದರೂ ಆಡಬಹುದಿತ್ತು, ಕಬ್ಬಿಣದ ಹತ್ತಿರ ಏನು ಜಗಳ, ಅದಕ್ಕೇ ನೋಡಿಯೇ ಬಿಡೋಣ ಎಂದು ಇವತ್ತು ಬಂದಳು, ಮರದ ಗೂಟದ ಮೇಲಿಂದ ಶಿರಸ್ತ್ರಾಣ ಇಳಿಸಿ ತಲೆಗೆ ಹಾಕಿಕೊಂಡಳು, ಮುಖದ ತಗಡು ತಾನಾಗಿ ಬಿತ್ತು, ಕಟ್ ಎಂದಿತು, ಆಮೇಲೆ ಬಿಚ್ಚಲು ಬರಲಿಲ್ಲ.

ಪಕ್ಕದಲ್ಲೆಲ್ಲೋ ಕೊಂಡಿ ಇದೆ, ಒತ್ತಿದರೆ ಬಿಡುತ್ತದೆ, ಅವನು ಒತ್ತುವುದನ್ನು ನೋಡಿದ್ದಾಳೆ, ಆದರೆ ಎಡಕ್ಕೋ ಬಲಕ್ಕೋ — ಬೆರಳಿಗೆ ಮೊಳೆಯ ತಲೆಗಳು ಸಿಗುತ್ತವೆ, ಎಲ್ಲವೂ ಒಂದೇ ಥರ, ಉಸಿರು ತಿರುಗಿ ಮುಖಕ್ಕೇ ಬರುತ್ತಿದೆ, ಬಿಸಿ, ಮಧ್ಯಾಹ್ನ ತಿಂದ ಹುಳಿ ಎಲೆಕೋಸಿನ ವಾಸನೆ ತನ್ನದು, ಎಣ್ಣೆಯ ವಾಸನೆ ಕಬ್ಬಿಣದ್ದು, ಇನ್ನೊಂದಿದೆ, ಅದು ಕಾಸ್ಪರನದು, ರಾತ್ರಿ ಅವನ ಕುತ್ತಿಗೆಯಲ್ಲಿ ಇರುವುದಲ್ಲ, ಅದಕ್ಕಿಂತ ಹುಳಿ, ಜ್ವರ ಬಂದವರ ಹಾಸಿಗೆಯ ಥರ. ಪ್ಲೋನೀ, ಎಲ್ಲಿ ಸತ್ತೆ, ಹಂದಿ ಮಾಂಸ ಒಲೆ ಮೇಲಿದೆ, ಕೆಳಗಿನಿಂದ ಅತ್ತೆಯ ಕೂಗು, ಅವರ ಬಾಯಲ್ಲಿ ಅಪೊಲೋನಿಯಾ ಯಾವಾಗಲೂ ಪ್ಲೋನಿಯೇ, ಈ ಅವತಾರದಲ್ಲಿ ಅತ್ತೆಯ ಕಣ್ಣಿಗೆ ಬಿದ್ದರೆ ಹಾಡಿಕೊಂಡು ಊರೆಲ್ಲ ತಿರುಗುತ್ತಾರೆ, ತಲೆ ಕೊಡವಿದಳು, ಅವನ ಅಳತೆಯ ಕಬ್ಬಿಣದಲ್ಲಿ ಅವಳ ಸಣ್ಣ ತಲೆ ಕೆಳಗೆ ಜಾರಿ ಗದ್ದದ ಬಳಿಯ ತೊಗಲು ಬಾಯಿಗೇ ತಾಗಿತು. ಒರಟು. ಹೊಸ ತೊಗಲು ಯಾಕೆ ಒರಟಾಗಿದೆ, ನಾಲಗೆ ಆಡಿಸಿದಳು, ಸಣ್ಣ ಸಣ್ಣ ಗುಳಿಗಳು, ಇಲಿ ಇರಬೇಕು, ಈ ಕೋಣೆಯಲ್ಲಿ ಇಲಿ ಎಲ್ಲವನ್ನೂ ಕಡಿಯುತ್ತದೆ — ಆದರೆ ಇಲಿ ಕಡಿದರೆ ಅಂಚು ಹರಿಯಬೇಕು, ಇದು ಹರಿದಿಲ್ಲ, ಅದುಮಿದೆ, ಸಾಲಾಗಿ, ಒಂದರ ಪಕ್ಕ ಒಂದು. ಕುತೂಹಲ ತಡೆಯದೆ ತನ್ನ ಹಲ್ಲನ್ನೇ ಇಟ್ಟು ನೋಡಿದಳು, ಕೂರಲಿಲ್ಲ, ಸ್ವಲ್ಪ ಸರಿಸಿ ಇಟ್ಟಳು, ಈಗ ಕೂತಿತು, ಒಂದು ಕಡೆ ಮಾತ್ರ ಅವಳ ಹಲ್ಲಿದೆ, ತೊಗಲಿನಲ್ಲಿ ಗುಳಿಯಿಲ್ಲ. ಸಾಲಾಗಿ ಗುಳಿ, ನಡುವೆ ಒಂದು ಖಾಲಿ.

ಕಾಸ್ಪರನ ಮೇಲಿನ ಹಲ್ಲು, ಮುಂದಿನದು, ಇಲ್ಲ, ತುರ್ಕನ ಗದೆ ಬಡಿದು ಹೋಯಿತು ಎಂದು ಅವನು ಹೇಳುತ್ತಾನೆ, ಚೆರ್ರಿ ಬೀಜ ಕಡಿದು ಮುರ್ಕೊಂಡ ಮಹಾನುಭಾವ ಎಂದು ಅತ್ತೆ ಹೇಳುತ್ತಾರೆ, ಯಾವುದು ನಿಜವೋ, ಖಾಲಿಯಂತೂ ನಿಜ. ಹೋಗಲಿ, ಯುದ್ಧದಲ್ಲಿ ಹಲ್ಲು ಕಚ್ಚದವರು ಯಾರು, ಕುದುರೆ ಹಾರುವಾಗ ಕಚ್ಚಿರಬಹುದು — ಆದರೆ ಈ ತೊಗಲು ಯುದ್ಧ ನೋಡಿಲ್ಲ, ಹಳೆಯದನ್ನು ಕಿತ್ತು ಹೊಸದು ಹೊಲಿದು ಗ್ರಾಟ್ಸ್‌ನ ಕವಚದ ಕಮ್ಮಾರ ಕಳಿಸಿದ್ದು ಈಸ್ಟರ್ ಆದ ಮೇಲೆ, ಗಾಡಿಯಿಂದ ಇಳಿಸಿದಾಗ ಅವಳೇ ಮುಟ್ಟಿ ನೋಡಿದ್ದಳು, ಬೆಣ್ಣೆಯ ಹಾಗೆ ನುಣುಪು, ಆಮೇಲೆ ಯುದ್ಧವಿಲ್ಲ, ಪಂದ್ಯವಿಲ್ಲ, ಈ ಕೋಣೆ ಮಾತ್ರ, ಊಟವಾದ ಮೇಲೆ, ಅಗಳಿ ಹಾಕಿಕೊಂಡು. ಎಣ್ಣೆ ಹಚ್ತೀನಿ ಕಣೇ. ಇಲ್ಲಿ ಈ ಸ್ಟೂಲಿನ ಮೇಲೆ ಕೂತು ಇದನ್ನು ಹಾಕಿಕೊಂಡು, ಅಳು ಯಾರಿಗೂ ಕೇಳಿಸದ ಹಾಗೆ, ಕಚ್ಚಿ — ಮೊನ್ನೆ ರಾತ್ರಿ ಅವನು ಗೋಡೆ ಕಡೆ ತಿರುಗಿ ಮಲಗಿ ಹೇಳಿದ್ದು ಈಗ ಕೇಳಿಸುತ್ತಿದೆ, ಮೊಣಕಾಲು ಯಾಕೋ ನೋಯ್ತಿದೆ, ರೂಪ್ರೆಕ್ಟ್ ತಾನು ಹೋಗ್ತೀನಿ ಅಂತಿದಾನೆ, ಈ ಸಲ ತಮ್ಮನನ್ನೇ ಕಳಿಸಿದ್ರೆ ಹೇಗೆ, ತಮಾಷೆಯ ದನಿ, ಅವಳೂ ತಮಾಷೆಗೇ ಅಂದಳು, ನಿಮ್ಮಪ್ಪ ಒಂದು ಕಣ್ಣು ಹೋದ ಮೇಲೂ ಹೋಗಿದ್ರಂತೆ, ನಿಮಗೆ ಮೊಣಕಾಲು ನೋವಾ, ನನ್ನ ಲಂಗನಾದ್ರೂ ಕೊಡ್ಲಾ. ನಕ್ಕಳು. ಅವನೂ ನಕ್ಕ, ಕತ್ತಲಲ್ಲಿ ಮುಖ ಕಾಣಲಿಲ್ಲ. ಅಯ್ಯೋ ದೇವರೇ, ಎಷ್ಟು ಮೂದಲಿಸಿದೆ, ಮೂದಲಿಸಿ ಎಷ್ಟು ಸುಖವಾಗಿ ನಿದ್ದೆ ಮಾಡಿದೆ.

ಮೆಟ್ಟಿಲ ಮೇಲೆ ಹೆಜ್ಜೆ, ಎರಡು ಜೊತೆ, ಬೆಳಕಿನ ಸೀಳಿನಲ್ಲಿ ಅತ್ತೆಯ ಹೊಟ್ಟೆ ಬಂತು, ಅದರ ಹಿಂದೆ ಅವನ ಎದೆ, ನೋಡೋ ಕಾಸ್ಪರ್, ನಿನ್ನ ಬದ್ಲು ಇವಳನ್ನೇ ಕಳಿಸ್ಬಿಡೋಣ, ಹಂದಿ ಮಾಂಸ ಸೀದರೂ ರಾಜ್ಯ ಉಳಿಯುತ್ತೆ, ಅತ್ತೆ ನಗುತ್ತಿದ್ದಾರೆ, ಅವನು ನಗುತ್ತಿಲ್ಲ, ಕೈ ಬಂತು, ಕಟ್, ಎಡಕ್ಕೇ ಇತ್ತು ಕೊಂಡಿ, ಕಿಟಕಿ ಪೂರ್ತಿ ಬಂತು, ಗಾಳಿ ಬಂತು. ಅವನು ಅವಳ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕಬ್ಬಿಣವನ್ನು ನೋಡಿದ, ಹೆಬ್ಬೆರಳು ಒಳಗೆ ಹೋಗಿ ತೊಗಲಿನ ಮೇಲೆ ನಿಂತಿತು, ಆಮೇಲೆ ಅವಳ ತುಟಿ ನೋಡಿದ, ತುಟಿಗೆ ಎಣ್ಣೆ ಹತ್ತಿರಬೇಕು, ಗೊತ್ತಾಗಿದೆ, ತನಗೆ ಗೊತ್ತಾದದ್ದು ಅವನಿಗೆ ಗೊತ್ತಾಗಿದೆ. ಈಗಲೇ ಹೇಳಬೇಕು, ಅತ್ತೆಯ ಎದುರಿಗೇ, ಹೇಳಿಯೇ ಬಿಟ್ಟಳು, ಅತ್ತೆ, ಇವರ ಮೊಣಕಾಲು ಸರಿಯಿಲ್ಲ, ರಾತ್ರಿಯೆಲ್ಲ ನರಳ್ತಾರೆ, ಈ ಸಲ ರೂಪ್ರೆಕ್ಟ್ ಹೋಗಲಿ. ಅತ್ತೆಯ ನಗು ನಿಂತಿತು, ಹೌದೇನೋ ಎಂದು ಮಗನ ಕಡೆ ತಿರುಗಿದರು, ಆ ಒಂದು ಗಳಿಗೆ ಬಾಗಿಲು ತೆರೆದೇ ಇತ್ತು, ಬನ್ನಿ, ದಾಟಿ ಬನ್ನಿ, ಒಂದು ಹೌದು ಅನ್ನಿ ಸಾಕು ಎಂದು ಅವಳು ಕಣ್ಣಲ್ಲೇ ಬೇಡಿದಳು. ಯಾವ ಮೊಣಕಾಲಮ್ಮಾ, ಇವಳಿಗೆ ನನ್ನ ಬಿಟ್ಟಿರೋಕಾಗಲ್ಲ, ಅದಕ್ಕೆ ಕಥೆ ಕಟ್ತಾಳೆ, ಎಂದು ಕಾಸ್ಪರ್ ಶಿರಸ್ತ್ರಾಣವನ್ನು ಕಂಕುಳಿಗೆ ಇರುಕಿಕೊಂಡ, ಬಾಯಿ ತುಂಬ ನಕ್ಕ, ಜೋರಾಗಿ, ಕೆಳಗಿನ ಆಳುಗಳಿಗೂ ಕೇಳಿಸುವಷ್ಟು, ಅವಳಿಗೆ ನಗು ಕೇಳಿಸುತ್ತಿಲ್ಲ, ಹಲ್ಲು ಕಾಣುತ್ತಿದೆ, ಸಾಲಾಗಿ ಹಲ್ಲು, ನಡುವೆ ಒಂದು ಖಾಲಿ, ಸಾಲಾಗಿ, ನಡುವೆ ಒಂದು ಖಾಲಿ —