ಕೂಸಿಗೆ ಎರೆಯುವ ಕಾಲುಗಳು

ಕುರುಗೋಡಿನ ಕೊಟ್ರಬಸಮ್ಮನಿಗೆ ನೆಲ ಬಹಳ ದೂರವಾಗಿತ್ತು. ಅಕ್ಕಿ ಆರಿಸುವುದೂ ಕುರ್ಚಿಯಲ್ಲಿ, ಪೂಜೆಗೆ ಕೂರುವುದೂ ಕುರ್ಚಿಯಲ್ಲಿ. ಅಕಸ್ಮಾತ್ ನೆಲಕ್ಕೆ ಕೂತಳೋ, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು, ಇನ್ನೊಂದು ಕೈಯಲ್ಲಿ ಗಂಡ ಚಿದಾನಂದಪ್ಪನ ಹೆಗಲು ಹಿಡಿದೇ ಏಳಬೇಕು. ಎದ್ದ ಮೇಲೆ ಇಬ್ಬರೂ ಏದುಸಿರು ಬಿಡುತ್ತಾ ನಗುತ್ತಿದ್ದರು. ನಗು ಮುಗಿದ ಮೇಲೆ ಕೊಟ್ರಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು.

ವಯಸ್ಸೇನೂ ಮಹಾ ಆಗಿರಲಿಲ್ಲ, ಐವತ್ತು ದಾಟಿತ್ತು ಅಷ್ಟೇ. ಮೈಯ ತೂಕ ಹೆಚ್ಚಾಗಿ ಮೊಣಕಾಲು ಸೋತಿದ್ದವು. ಬಳ್ಳಾರಿಯ ಡಾಕ್ಟರು ಪರೀಕ್ಷೆ ಮಾಡಿ, "ಇನ್ನೂ ಕೈ ಮೀರಿಲ್ಲಮ್ಮ. ತೂಕ ಇಳಿಸಿ, ಕಾಲಿಗೆ ಶಕ್ತಿ ತಂದುಕೊಳ್ಳಿ. ನಿಮಗೆ ವ್ಯಾಯಾಮ ಮಾಡೋಕೆ ತೊಂದರೆ ಇಲ್ಲ" ಎಂದಿದ್ದರು. ಹೂಂ ಎಂದು ಬಂದವಳು ಮುಲಾಮು ಹಚ್ಚಿಕೊಂಡು ಸುಮ್ಮನಿದ್ದಳು.

ಒಂದು ಮಧ್ಯಾಹ್ನ ಸಿರುಗುಪ್ಪಕ್ಕೆ ಕೊಟ್ಟ ಮಗಳು ಚೈತ್ರಾಳ ಫೋನು ಬಂತು.

"ಅಮ್ಮಾ, ನೀ ಅಜ್ಜಿ ಆಗ್ತೀ ನೋಡು."

ಕೊಟ್ರಬಸಮ್ಮ ಫೋನು ಹಿಡಿದೇ ದೇವರ ಪಟಕ್ಕೆ ತಲೆಬಾಗಿದಳು. ಚೈತ್ರಾ ಮುಂದುವರಿಸಿದಳು. "ಬಾಣಂತನಕ್ಕ ಅಲ್ಲಿಗೇ ಬರ್ತೀನಿ. ಕೂಸಿಗೆ ನೀನ ಎರೀಬೇಕು. ನನಗ ಹೆದರಿಕಿ ಅಮ್ಮಾ, ಕೈ ಜಾರಿದ್ರ?"

"ನಾ ಇರಾಗ ಇನ್ಯಾರು ಎರೀತಾರ, ಹುಚ್ಚಿ!" ಎಂದುಬಿಟ್ಟಳು ತಾಯಿ. ಫೋನು ಇಟ್ಟ ಮೇಲೆ ಮೊಣಕಾಲಿನ ನೆನಪಾಯಿತು.

ಆ ಓಣಿಯ ಅರ್ಧ ಮಕ್ಕಳಿಗೆ ಎರೆದ ಕೈ ಅವಳದು. ಬಚ್ಚಲಲ್ಲಿ ಮಣೆ ಹಾಕಿ, ಕಾಲು ಮುಂದಕ್ಕೆ ಚಾಚಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದರೆ ಎಂಥ ರಚ್ಚೆಯ ಕೂಸೂ ಕಣ್ಣು ಮುಚ್ಚುತ್ತಿತ್ತು. ಈಗ ಅವಳ ಸ್ವಂತ ಮೊಮ್ಮಗು ಬರುತ್ತಿದೆ. ಅವಳಿಗೆ ನೆಲಕ್ಕೆ ಕೂರಲು ಬರುವುದಿಲ್ಲ, ಕೂತರೆ ಏಳಲು ಬರುವುದಿಲ್ಲ.

"ಅದಕ್ಯಾಕ ಇಷ್ಟು ಫಿಕರ್? ಎರಿಯಾಕ ಒಬ್ಬಾಕಿನ್ನ ಗೊತ್ತು ಮಾಡೋಣ" ಎಂದ ಚಿದಾನಂದಪ್ಪ. ಸಮಾಧಾನಕ್ಕೆಂದೇ ಹೇಳಿದ್ದ, ಪಾಪ. ಕೊಟ್ರಬಸಮ್ಮ ಅಂದು ಅವನೊಂದಿಗೆ ಮಾತಾಡಲಿಲ್ಲ.

ಮರುದಿನ ಬೆಳಗಿನ ಜಾವ ಅವಳಿಗೊಂದು ಕನಸು. ಬಚ್ಚಲ ತುಂಬ ಆವಿ, ಗೋಡೆ ಕಾಣದಷ್ಟು. ಕಾಲ ಮೇಲೆ ಕೂಸಿದೆ, ಅದರ ಭಾರವೂ ಬಿಸುಪೂ ಅವಳಿಗೆ ತಿಳಿಯುತ್ತಿದೆ, ಮುಖ ಮಾತ್ರ ಕಾಣುತ್ತಿಲ್ಲ. ತಂಬಿಗೆಯ ನೀರು ಸದ್ದಿಲ್ಲದೆ ಇಳಿಯುತ್ತಿದೆ, ಎಷ್ಟು ಸುರಿದರೂ ಮುಗಿಯುತ್ತಿಲ್ಲ. ಎಚ್ಚರವಾದಾಗ ಹೊರಗೆ ಗುಡ್ಡದ ಬಂಡೆಗಳ ಮೇಲೆ ಇನ್ನೂ ಬೆಳಕು ಬಿದ್ದಿರಲಿಲ್ಲ, ಅವಳ ಕಣ್ಣು ಒದ್ದೆಯಾಗಿದ್ದವು.

ಅಂದೇ ಅವಳು ತೂಕ ಇಳಿಸುವ ಪಣ ತೊಟ್ಟಳು. ಹೇಗೆ? ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ, ಅಂದರೆ ಹೊಟ್ಟೆ ಕಟ್ಟಿ. ಬೆಳಿಗ್ಗೆ ಬರೀ ಚಹಾ, ಮಧ್ಯಾಹ್ನ ಏನೂ ಇಲ್ಲ. ಸಂಜೆಯ ಹೊತ್ತಿಗೆ ಕಣ್ಣು ಕತ್ತಲೆ. ಆ ಹೊತ್ತಿಗೆ ಸರಿಯಾಗಿ ಚಿದಾನಂದಪ್ಪ ಅಂಗಡಿಯಿಂದ ಬರುವವನು, ಕೈಯಲ್ಲಿ ಬೆಚ್ಚಗಿನ ಒಗ್ಗರಣಿ ಮಂಡಕ್ಕಿ, ಮಿರ್ಚಿ ಭಜಿಯ ಪೊಟ್ಟಣ. ಮದುವೆಯಾದಂದಿನಿಂದ ಅವನು ಪ್ರೀತಿ ತೋರಿಸಿದ್ದು ಹಾಗೆಯೇ. ಉಪವಾಸವಿದ್ದ ಹೊಟ್ಟೆ ಆ ಪ್ರೀತಿಯನ್ನು ಪೂರ್ತಿ ನುಂಗಿ, ಮೇಲೆ ರಾಶಿ ಅನ್ನವನ್ನೂ ನುಂಗುತ್ತಿತ್ತು.

ಇದನ್ನೆಲ್ಲ ಕಾಂಪೌಂಡ್ ಆಚೆಯಿಂದ ನೋಡುತ್ತಿದ್ದವಳು ಪಕ್ಕದ ಮನೆಯ ಅರುಣಾ. ಅವಳು ಶಾಲೆಯ ಬಯಲಿನಲ್ಲಿ ಬೆಳಿಗ್ಗೆ ನಡೆಯುವ ಹೆಂಗಸರ ವ್ಯಾಯಾಮದ ಗುಂಪಿಗೆ ಹೋಗುತ್ತಿದ್ದಳು.

"ಯಕ್ಕಾ, ಚೈತ್ರಾನ ಮದುವ್ಯಾಗೂ ಹಿಂಗ ಮಾಡಿದ್ದಿ. ಅದೇನೋ ಪುಡಿ ಬ್ಯಾರೆ ಕುಡೀತಿದ್ದಿ. ಮುಂದ ಏನಾತು?"

ಏನಾಯಿತೆಂದು ಓಣಿಗೆಲ್ಲ ಗೊತ್ತಿತ್ತು. ಮದುವೆಯ ದಿನ ಕುಬಸ ಸಡಿಲವಾಗಿತ್ತು. ವರ್ಷ ತುಂಬುವುದರೊಳಗೆ ಹೋದ ತೂಕ ತಿರುಗಿ ಬಂತು, ಬರುವಾಗ ಇನ್ನಷ್ಟನ್ನು ಕರೆದುಕೊಂಡು ಬಂತು.

"ಅದಕ್ಕ ಏನ್ ಮಾಡ್ಬೇಕಂತಿ? ಈ ವಯಸ್ಸಿನ್ಯಾಗ ನಿಮ್ಮ ಜೋಡಿ ಸಾಲಿ ಬಯಲಾಗ ಕುಣೀಲೇನು? ನೋಡಿದ ಮಂದಿ ನಗಂಗಿಲ್ಲೇನು?"

"ನಗ್ತಾರ. ನಾವೂ ನಗ್ತೀವಿ. ಬಾ ಒಂದಿನ, ಮನಸ್ಸಿಗೆ ಬರದಿದ್ರ ಬಿಡು."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕೊಟ್ರಬಸಮ್ಮ ಬಯಲಿಗೆ ಹೋದಳು. ಸೆರಗು ಬಿಗಿದು ಕಟ್ಟಿದ ಹೆಂಗಸರು, ಚೂಡಿದಾರ ತೊಟ್ಟ ಹೆಂಗಸರು, ಅವಳಿಗಿಂತ ದಪ್ಪಗಿದ್ದವರೂ ಇದ್ದರು. ಬಳ್ಳಾರಿಯಿಂದ ಮೊದಲ ಬಸ್ಸಿಗೆ ಬಂದ ಮೇಘಾ ಎಂಬ ಹುಡುಗಿ ವ್ಯಾಯಾಮ ಹೇಳಿಕೊಡುತ್ತಿದ್ದಳು. ಆಹಾರದ ವಿಷಯ ಓದಿಕೊಂಡವಳು ಅವಳು.

ಮೇಘಾ ಮೊದಲು ಡಾಕ್ಟರು ಏನು ಹೇಳಿದ್ದಾರೆಂದು ವಿಚಾರಿಸಿದಳು. ಆಮೇಲೆ ಕೇಳಿದಳು: "ಅಮ್ಮಾ, ತೂಕ ಇಳಿಸಿ ಏನ್ ಮಾಡ್ಬೇಕಂತೀರಿ?"

ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. "ಕೂಸಿಗೆ ಎರೀಬೇಕವ್ವ" ಎಂದಳು.

"ಹಂಗಾದ್ರ ಅದನ್ನೇ ಕಲಿಯೋಣ" ಎಂದಳು ಮೇಘಾ.

ಮೊದಮೊದಲು ಎತ್ತರದ ಬೆಂಚಿನ ಮೇಲೆ ಕೂರುವುದು, ಕೈ ಊರದೆ ಏಳುವುದು. ಎಲ್ಲರೂ ಒಟ್ಟಿಗೆ ಕೂರಬೇಕು, ಒಟ್ಟಿಗೆ ಏಳಬೇಕು. ಒಬ್ಬಳೇ ಆಗಿದ್ದರೆ ಕೊಟ್ರಬಸಮ್ಮ ಬೇಗನೆ ಸಾಕು ಎನ್ನುತ್ತಿದ್ದಳು. ಪಕ್ಕದವಳು ಏಳುವಾಗ ತಾನು ಕೂತಿರುವುದು ಹೇಗೆ? ಬಯ್ದುಕೊಳ್ಳುತ್ತಲೇ ಎದ್ದಳು. "ನೋವಾದ್ರ ನಿಲ್ರಿ, ಆಯಾಸ ಆದ್ರ ನಿಧಾನ ಮಾಡ್ರಿ" ಎಂದು ಮೇಘಾ ನಡುನಡುವೆ ಹೇಳುತ್ತಿದ್ದಳು.

ವ್ಯಾಯಾಮ ಮುಗಿದ ಮೇಲೆ ಬೇವಿನ ಮರದ ಕೆಳಗೆ ಊಟದ ಮಾತು. ಅಲ್ಲಿ ಕೊಟ್ರಬಸಮ್ಮ ಬೆಚ್ಚಿಬಿದ್ದಳು.

"ಬೆಳಿಗ್ಗಿ ಹೊಟ್ಟಿ ತುಂಬ ತಿನ್ರಿ" ಎಂದಳು ಮೇಘಾ.

"ಏನವ್ವ, ಇಳಸಾಕ ಬಂದ್ರ ತಿನ್ನು ಅಂತೀ!"

"ದಿನಾ ಪೂರ್ತಿ ಹಸಕೊಂಡಿದ್ರ ಸಂಜಿಗಿ ಮಿರ್ಚಿ ನಿಮ್ಮನ್ನ ಬಿಡ್ತೈತೇನ್ರಿ?"

ಸುತ್ತಲಿನವರೆಲ್ಲ ಗೊಳ್ಳೆಂದು ನಕ್ಕರು. ಅವರವರ ಮನೆಯ ಮಿರ್ಚಿ ಅವರವರಿಗೆ ನೆನಪಾಗಿತ್ತು. ಮೇಘಾ ಯಾವ ದುಬಾರಿ ತಿನಿಸನ್ನೂ ಹೇಳಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆ ಹೆಸರುಕಾಳು, ಗಟ್ಟಿ ಬೇಳೆ, ಮಜ್ಜಿಗೆ. ತಟ್ಟೆಯಲ್ಲಿ ಅರ್ಧ ಭಾಗ ಪಲ್ಯ ಮತ್ತು ಹಸಿ ತರಕಾರಿ, ಉಳಿದ ಅರ್ಧದಲ್ಲಿ ಕಾಳು-ಬೇಳೆಗೊಂದಿಷ್ಟು, ರೊಟ್ಟಿ ಅಥವಾ ಅನ್ನಕ್ಕೊಂದಿಷ್ಟು. ಅನ್ನ ಬಿಡಬೇಕಿಲ್ಲ, ಗುಡ್ಡ ಮಾಡಬಾರದು ಅಷ್ಟೇ. ಎಣ್ಣೆ, ಸಕ್ಕರೆಯ ಮೇಲೆ ಕೈ ಹಿಡಿತವಿರಲಿ.

"ಮಿರ್ಚಿ?" ಎಂದಳು ಕೊಟ್ರಬಸಮ್ಮ, ಸಣ್ಣ ದನಿಯಲ್ಲಿ.

"ಸಂತಿ ದಿನ ಒಂದು ತಿನ್ರಿ. ದಿನಾ ಬ್ಯಾಡ."

ಅಂದು ಸಂಜೆ ಚಿದಾನಂದಪ್ಪನಿಗೆ ಹೊಸ ಆಜ್ಞೆಯಾಯಿತು. "ನಾಳಿಂದ ಮಿರ್ಚಿ ತರಬ್ಯಾಡ್ರಿ. ಸೌತಿಕಾಯಿ ತರ್ರಿ." ಅವನು ಮರುದಿನ ಸೌತೆಕಾಯಿ ಹಿಡಿದು ಬಂದ ಗತ್ತು ನೋಡಬೇಕಿತ್ತು. ಹೆಂಡತಿಗೆ ಕೊಟ್ಟು ತಾನೂ ಒಂದು ಕಡಿದ, ಮುಖ ಹಿಂಡಿದ, ಇನ್ನೊಂದು ಕಡಿದ.

ತಿಂಗಳುಗಳು ಹೇಗೆ ಸರಿದವೋ. ಆ ಬೆಳಗುಗಳೇ ಹಾಗಿದ್ದವು. ಬಯಲಿನ ಮೇಲೆ ತೆಳ್ಳಗೆ ಮಂಜು, ಗುಡ್ಡದ ಬಂಡೆಗಳಿಗೆ ನಿಧಾನ ಬಣ್ಣ ಬರುವುದು, ದೂರದಲ್ಲಿ ಗುಡಿಯ ಗಂಟೆ, ಹೆಂಗಸರ ಕೈಗಳು ಒಟ್ಟಿಗೆ ಮೇಲೇಳುವುದು. ಕೊಟ್ರಬಸಮ್ಮನಿಗೆ ತಾನು ಎಚ್ಚರವಾಗಿದ್ದೇನೋ ಇಲ್ಲವೋ ಎನಿಸುತ್ತಿತ್ತು. ತೂಕ ನಿಧಾನವಾಗಿ ಇಳಿಯಿತು, ಕೆಲವೊಮ್ಮೆ ನಿಂತೇಬಿಟ್ಟಿತು. ಬೆಂಚು ಹೋಗಿ ಮಣೆ ಬಂತು. ಆಮೇಲೆ ಮೇಘಾ ಎಲ್ಲರಿಗೂ ಬಟ್ಟೆಯಲ್ಲಿ ಅಕ್ಕಿ ಕಟ್ಟಿಕೊಂಡು ಬರಲು ಹೇಳಿದಳು, ಎಳೆಗೂಸಿನಷ್ಟು ಭಾರದ್ದು. ಆ ಗಂಟನ್ನು ಎದೆಗವಚಿ ಕೂರುವುದು, ಏಳುವುದು. ದೊಡ್ಡ ದೊಡ್ಡ ಹೆಂಗಸರೆಲ್ಲ ಅಕ್ಕಿಗಂಟಿಗೆ ಜೋಗುಳ ಹಾಡುತ್ತಾ ನಕ್ಕು ನಕ್ಕು ಸುಸ್ತಾದರು.

ಹೀಗಿರುವಾಗ ಸಿರುಗುಪ್ಪದಲ್ಲಿ ಚೈತ್ರಾಳಿಗೆ ಸೀಮಂತ ಮಾಡಿದರು. ಬೀಗತಿ ಗಾದೆಮ್ಮನದು ದೊಡ್ಡ ಕೈ, ದೊಡ್ಡ ಮನಸ್ಸು. "ತಿನ್ರಿ ಬೀಗ್ರ, ನಮ್ಮ ಗದ್ದಿ ಅಕ್ಕಿ" ಎಂದು ಅನ್ನ ಸುರಿದಳು. ಹೋಳಿಗೆಯ ಮೇಲೆ ಹೋಳಿಗೆ, ಅದರ ಮೇಲೆ ತುಪ್ಪ. ಮಗಳ ಮುಖ ನೋಡುತ್ತಾ ಕೊಟ್ರಬಸಮ್ಮ ತಿಂದಳು, ಸಂತೋಷದಿಂದಲೇ ತಿಂದಳು. ಊರಿಗೆ ಬಂದು ತೂಕ ನೋಡಿದರೆ ಮುಳ್ಳು ಮೇಲೇರಿತ್ತು.

ಅವಳ ಜೀವ ಕುಸಿಯಿತು. ಮಾಡಿದ್ದೆಲ್ಲ ನೀರಲ್ಲಿ ಹೋಮವಾಯಿತೆಂದು ಬಯಲಿಗೆ ಹೋಗುವುದನ್ನು ಬಿಟ್ಟಳು. ಮತ್ತೆ ಹಳೆಯ ದಾರಿ, ಬರೀ ಚಹಾ. ಒಂದು ಬೆಳಿಗ್ಗೆ ನೀರು ಹಿಡಿಯುವಾಗ ತಲೆ ಸುತ್ತಿ ಅಂಗಳದಲ್ಲೇ ಕುಸಿದು ಕೂತಳು. ಚಿದಾನಂದಪ್ಪ ಗಾಬರಿಯಾಗಿ ಆಸ್ಪತ್ರೆಗೆ ಕರೆದೊಯ್ದ. ಖಾಲಿ ಹೊಟ್ಟೆಯ ನಿಶ್ಶಕ್ತಿ ಎಂದು ಡಾಕ್ಟರು ಗದರಿಸಿ ಕಳಿಸಿದರು.

"ಗೊತ್ತು ಮಾಡ್ರಿ ಎರಿಯಾಕಿನ್ನ" ಎಂದಳು ಕೊಟ್ರಬಸಮ್ಮ ಮನೆಗೆ ಬಂದು, ಗೋಡೆಯ ಕಡೆ ಮುಖ ಮಾಡಿ. "ನನ್ನ ಕೈಲಿ ಆಗಲ್ಲ."

ಚಿದಾನಂದಪ್ಪ ಚಪ್ಪಲಿ ಮೆಟ್ಟಿ ಅರುಣಾಳ ಮನೆಗೆ ಹೋಗಿ ಬಂದ.

ಮರುದಿನ ಬೆಳಗಾಗುತ್ತಲೇ ಅಂಗಳದಲ್ಲಿ ಗದ್ದಲ. ಬಾಗಿಲು ತೆರೆದರೆ ಇಡೀ ಗುಂಪು ಅಲ್ಲಿದೆ, ಮುಂದೆ ಮೇಘಾ. ಒಬ್ಬೊಬ್ಬರ ಕಂಕುಳಲ್ಲೂ ಅಕ್ಕಿಗಂಟು.

"ನೀ ಬರ್ಲಿಲ್ಲ, ನಾವಾ ಬಂದ್ವಿ ಯಕ್ಕಾ" ಎಂದಳು ಅರುಣಾ. "ಮೊದ್ಲು ರೊಟ್ಟಿ ತಿನ್ನು, ಆಮ್ಯಾಲ ಕುಣಿಯೋಣಂತ."

ಕೊಟ್ರಬಸಮ್ಮ ಬಾಗಿಲಲ್ಲೇ ನಿಂತು ಅತ್ತುಬಿಟ್ಟಳು. "ತೂಕ ಏರೇತವ್ವ ಮೇಘಾ. ಹೋಳಿಗಿ ತಿಂದು ಎಲ್ಲಾ ಹಾಳ್ ಮಾಡ್ಕೊಂಡೆ."

"ಮಗಳ ಸೀಮಂತದಾಗ ಹೋಳಿಗಿ ತಿನ್ನದ ಇನ್ಯಾವಾಗ ತಿಂತೀರಮ್ಮ?" ಎಂದಳು ಮೇಘಾ. "ಒಂದಿನದ ಊಟಕ್ಕ ಮುಳ್ಳು ಸ್ವಲ್ಪ ಏರ್ತೈತಿ, ಇಳೀತೈತಿ. ಮರುದಿನ ನಮ್ಮ ಎಂದಿನ ತಟ್ಟಿಗೆ ಬಂದ್ರ ಸಾಕಿತ್ತು. ಮದುವ್ಯಾಗ ಪುಡಿ ಕುಡದ್ರಿ, ಉಪಾಸ ಬಿದ್ರಿ. ಅದನ್ನ ಎಷ್ಟು ದಿನ ಮಾಡಾಕ ಆಕ್ಕಿತ್ರಿ? ಬಿಟ್ಟಕೂಡ್ಲೆ ತೂಕ ವಾಪಸ್ ಬಂತು. ಜಲ್ಮಪೂರ್ತಿ ಮಾಡಾಕ ಬರೋದನ್ನಷ್ಟ ಮಾಡೋಣ."

ಅಂದು ವ್ಯಾಯಾಮ ಕೊಟ್ರಬಸಮ್ಮನ ಅಂಗಳದಲ್ಲೇ ನಡೆಯಿತು. ಅವಳು ರೊಟ್ಟಿ ತಿಂದು ಕಟ್ಟೆಯ ಮೇಲೆ ಕೂತು ನೋಡಿದಳು. ಮರುದಿನದಿಂದ ಬಯಲಿಗೆ ಮೊದಲು ಬರುತ್ತಿದ್ದವಳು ಅವಳೇ.

ತವರಿಗೆ ಬಂದ ಚೈತ್ರಾಳಿಗೆ ಹೆಣ್ಣು ಮಗುವಾಯಿತು. ನರ್ಸಮ್ಮ ಹೇಳಿದಂತೆ ಹೊಕ್ಕಳಬಳ್ಳಿ ಒಣಗಿ ಬೀಳುವವರೆಗೆ ಕಾದರು, ಬರೀ ಒರೆಸಿದರು. ಮೊದಲ ಸಲ ಎರೆಯುವ ದಿನ ಗಾದೆಮ್ಮನೂ ಸಿರುಗುಪ್ಪದಿಂದ ಬಂದಳು. ಚಿದಾನಂದಪ್ಪ ಬಚ್ಚಲ ಹೊರಗೆ ಶತಪಥ ಹಾಕುತ್ತಿದ್ದ.

ಕೊಟ್ರಬಸಮ್ಮ ಮಣೆಯ ಮೇಲೆ ಕೂತಳು, ಕಾಲು ಚಾಚಿದಳು. ಮೊಣಕೈಯಿಂದ ನೀರು ಮುಟ್ಟಿ ನೋಡಿದಳು, ಉಗುರು ಬೆಚ್ಚಗಿತ್ತು. ಚೈತ್ರಾ ಎರಡೂ ಕೈಗಳಿಂದ ಕೂಸನ್ನು ಅಮ್ಮನ ಕಾಲ ಮೇಲೆ ಮಲಗಿಸಿದಳು. ಮೊದಲ ನೀರಿಗೆ ಕೂಸು ಕಿರುಚಿತು, ಎರಡನೆಯದಕ್ಕೆ ಬಿಕ್ಕಿತು, ಆಮೇಲೆ ಬಾಯಿ ಅರೆ ತೆರೆದು, ಅಜ್ಜಿಯ ಮುಖವನ್ನೇ ನೋಡುತ್ತಾ ಸುಮ್ಮನಾಯಿತು. ಬಚ್ಚಲ ಸಣ್ಣ ಕಿಟಕಿಯಿಂದ ಬಿಸಿಲು ಬಿದ್ದು ನೀರು ಮಿನುಗುತ್ತಿತ್ತು.

ಎರೆದಾಯಿತು. ಕೂಸನ್ನು ಬಟ್ಟೆಯಲ್ಲಿ ಸುತ್ತಿದಳು. ಗಾದೆಮ್ಮ ಎರಡೂ ಕೈ ಚಾಚಿ, "ಕೂಸಿನ್ನ ಇತ್ತ ಕೊಡ್ರಿ ಬೀಗ್ರ, ನೀವು ಹೆಂಗ ಏಳ್ತೀರಿ?" ಎಂದಳು.

"ತಡೀರಿ" ಎಂದಳು ಕೊಟ್ರಬಸಮ್ಮ. ಕೂಸನ್ನು ಎದೆಗವಚಿಕೊಂಡಳು. ಕಾಲು ಮಡಿಸಿದಳು, ಒಂದು ಪಾದ ಗಟ್ಟಿಯಾಗಿ ಊರಿದಳು. ಗೋಡೆ ಮುಟ್ಟಲಿಲ್ಲ, ಯಾರ ಹೆಗಲೂ ಹಿಡಿಯಲಿಲ್ಲ. ನಿಧಾನವಾಗಿ ಎದ್ದು ನಿಂತಳು.

ಹೊರಗೆ ಬಂದವಳನ್ನು ನೋಡಿ ಚಿದಾನಂದಪ್ಪ ಮೂಗು ಒರೆಸಿಕೊಂಡ. "ನಾಳೆ ಬೆಳಿಗ್ಗಿ ನಾನೂ ವಾಕಿಂಗಿಗೆ ಬರ್ತೀನಿ" ಎಂದ.

ಚೈತ್ರಾ ಕೂಸಿಗೆ ಹಾಲೂಡಿಸುತ್ತಾ, "ಎರದಾತಲ್ಲಮ್ಮ, ಇನ್ನರ ಬೆಳಿಗ್ಗಿ ಸ್ವಲ್ಪ ಮಲಕ್ಕೋ. ಇನ್ನ್ಯಾಕ ಬಯಲಿಗೆ ಹೋಗೋದು?" ಎಂದಳು.

ಕೊಟ್ರಬಸಮ್ಮ ಮೊಮ್ಮಗಳ ಅಂಗಾಲನ್ನು ಬೆರಳಿಂದ ಸವರಿದಳು.

"ಇವತ್ತು ಕಾಲ ಮ್ಯಾಲ ಮಲಗ್ಯಾಳ. ನಾಳೆ ಎದ್ದು ಓಡ್ತಾಳ. ಆಕಿ ಹಿಂದ ಓಡಾಕ ಯಾರನ್ನ ಗೊತ್ತು ಮಾಡ್ಲಿ?"

ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ನೆಲ ದೂರವಾಗಿದೆಯೇ? ಹೊಟ್ಟೆ ಕಟ್ಟಬೇಡಿ, ಪುಡಿ ಮಾರುವವರ ಮಾತಿಗೆ ಮರುಳಾಗಬೇಡಿ. ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಬಸುರಿಯರು, ಬಾಣಂತಿಯರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ. ನಮ್ಮ ರೊಟ್ಟಿ, ನಮ್ಮ ಪಲ್ಯ, ನಮ್ಮ ಕಾಳು ಹೊತ್ತಿಗೆ ಸರಿಯಾಗಿ ತಿನ್ನಿ, ಮೈ ಬಗ್ಗಿಸಿ. ತೂಕ ನಿಧಾನವಾಗಿ ಇಳಿದರೆ ಬೇಸರ ಬೇಡ, ಒಂದು ದಿನ ತಪ್ಪಿದರೆ ಮರುದಿನ ಹೋಗಿ. ಒಬ್ಬರೇ ಹೊರಟರೆ ಅರ್ಧ ದಾರಿಗೆ ಬಿಡುವ ಮನಸ್ಸಾಗುತ್ತದೆ. ಅದಕ್ಕೇ ನಾಳೆ ಬೆಳಿಗ್ಗೆ ಪಕ್ಕದ ಮನೆಯ ಬಾಗಿಲು ತಟ್ಟಿ, ಅವರನ್ನೂ ಕರೆದುಕೊಂಡು ಹೊರಡಿ.