ಗೌರಿಯ ಕಾಲಿನ ಪಟ್ಟಿ

ಕೆಂಗಲ್ ಹನುಮಂತರಾಯನ ಗುಡಿಗೆ ಹೋಗುವ ಬಸ್ಸಿಗೆ ಚಿಲ್ಲರೆ ತೆಗೆಯಲೆಂದು ಸೆರಗಿನ ಗಂಟು ಬಿಚ್ಚಿದ ಕಾವೇರಮ್ಮನ ಕೈಗೆ ಮೊದಲು ಬಂದದ್ದು ಕೆಂಪು ಪಟ್ಟಿ. ಅವಳು ಅಂಗಳದಲ್ಲಿ ನಿಂತಲ್ಲೇ ನಿಂತುಬಿಟ್ಟಳು.

ಕೊಟ್ಟಿಗೆಯಲ್ಲಿ ಹದಿನಾರು ಸೀಮೆಹಸುಗಳು. ಮದ್ದು ನಡೆಯುತ್ತಿರುವ ಹಸುವಿನ ಹಿಂಗಾಲಿಗೆ ಕೆಂಪು ಪಟ್ಟಿ. ಅದರ ಹಾಲು ಬೇರೆ ಬಕೆಟ್ಟಿಗೆ, ಅಲ್ಲಿಂದ ತಿಪ್ಪೆಗುಂಡಿಗೆ. ಮಗ ಅಶ್ವಥ್ ಮಾಡಿದ ಕಟ್ಟುಪಾಡು ಅದು. ನಸುಕಿನಲ್ಲಿ ಹಾಲು ಕರೆಯುವ ಮಿಷನ್ ಹಿಡಿದು ಬರುವ ಸೊಸೆ ಸಿರಿ ಹಸುಗಳ ಮುಖ ನೋಡುವುದಿಲ್ಲ, ಕಾಲು ನೋಡುತ್ತಾಳೆ. ನಿನ್ನೆ ಸಂಜೆ ಡಾಕ್ಟರು ಗೌರಿಯ ಕೆಚ್ಚಲುಬಾವಿಗೆ ಮದ್ದು ಏರಿಸಿ ಹೋದಾಗ ಸಿರಿ ಮೇವು ತರಲು ಹೋಗಿದ್ದಳು. ಪಟ್ಟಿ ಕಟ್ಟಿದವನು ಅಶ್ವಥನೇ, ಸಿರಿಗೆ ಅದು ಗೊತ್ತಿರಲಿಲ್ಲ.

ಶನಿವಾರ ಬೆಳಗಾಗುವ ಮುಂಚೆ ಗೌರಿಯ ಮೈ ತೊಳೆದು, ಹನುಮಂತರಾಯನ ಹೆಸರಿನಲ್ಲಿ ಧೂಪ ಹಾಕುವುದು ಕಾವೇರಮ್ಮನ ಗಂಡ ಸಿದ್ದಯ್ಯನ ಪದ್ಧತಿ. ಆ ಹೊತ್ತಿನಲ್ಲಿ ಹಸುವಿನ ಮೈಮೇಲೆ ಹಗ್ಗ, ದಾರ, ಗಂಟು ಯಾವುದೂ ಇರಬಾರದು. ಇವಳು ಹಿತ್ತಿಲ ಬಾಗಿಲಿನಿಂದ ಕಾಫಿ ತರ್ಲಾ ಎಂದು ಕೂಗಿದರೂ ಅವನು ತಿರುಗಿ ಮಾತಾಡುತ್ತಿರಲಿಲ್ಲ. ಅವನು ದೇವರ ಪಾದ ಸೇರಿ ಐದು ತಿಂಗಳು. ಅಂದಿನಿಂದ ಧೂಪ ಕಾವೇರಮ್ಮನದು. ಇವತ್ತೂ ಎಲ್ಲವನ್ನೂ ಬಿಚ್ಚಿದ್ದಳು. ಹಗ್ಗವನ್ನು ಮತ್ತೆ ಕಟ್ಟಿದ್ದಳು. ಪಟ್ಟಿ ಸೆರಗಿನಲ್ಲೇ ಉಳಿದಿತ್ತು.

"ಗೌರಿ ಹಾಲು ಯಾವುದುಕ್ಕೆ ಸುರ್ದೆ ಕಣವ್ವ?" ಎಂದು ಸಿರಿಯನ್ನು ಕೇಳಿದಳು.

"ಎಲ್ಲಾದ್ರ ಜೊತೇಲೆ, ಕ್ಯಾನಿಗೆ. ಯಾಕತ್ತೆ?"

ಕಾವೇರಮ್ಮ ಅಂಗೈ ತೆರೆದು ತೋರಿಸಿದಳು. ಸಿರಿ ರಸ್ತೆಯ ಕಡೆ ನೋಡಿದಳು. "ಅವ್ರು ಆಗ್ಲೇ ಡೈರಿಗೆ ಹೊಂಟೋದ್ರು. ಫೋನೂ ಇಲ್ಲೇ ಬುಟ್ಟೋಗವ್ರೆ."

ಡೈರಿಯಲ್ಲಿ ಇಡೀ ಊರಿನ ಹಾಲು ಒಂದೇ ಟ್ಯಾಂಕಿಗೆ ಬೀಳುತ್ತದೆ. ಅಲ್ಲಿಂದ ಅದು ಎಲ್ಲೆಲ್ಲಿಯ ಮಕ್ಕಳ ಲೋಟಕ್ಕೆ ಹೋಗುತ್ತದೋ ಯಾರಿಗೆ ಗೊತ್ತು. ಕಾವೇರಮ್ಮ ಚಪ್ಪಲಿ ಮೆಟ್ಟದೆ ಓಡಿದಳು. ದಾರಿಯಲ್ಲಿ ಒಂದು ಸುಳ್ಳೂ ಜೊತೆಗೆ ಓಡಿ ಬರುತ್ತಿತ್ತು: ಪಟ್ಟಿ ತಾನಾಗಿ ಕಳಚಿ ಬಿದ್ದಿತ್ತು, ಸಿರಿ ಸರಿಯಾಗಿ ನೋಡಲಿಲ್ಲ.

ಅವಳು ತಲುಪುವಾಗ ಸೆಕ್ರೆಟರಿ ಚಲುವಯ್ಯ ಅಶ್ವಥನ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, ಸರಿಯಾಗಿದೆ ಎಂದು ತಲೆಯಾಡಿಸುತ್ತಿದ್ದ. ಮದ್ದು ಅದರಲ್ಲಿ ಕಾಣುವಂಥದಲ್ಲ. ಸಾಲಿನಲ್ಲಿದ್ದ ರಸೂಲ್ ಅವಳ ಓಟ ನೋಡಿ ನಕ್ಕ.

"ಏನಕ್ಕ, ಹನುಮಂತರಾಯ ಇವತ್ತು ಡೈರಿಲೇ ಅವ್ನಾ?"

ಅಶ್ವಥ್ ಮೊದಲ ಕ್ಯಾನನ್ನು ಎತ್ತಿ ಟ್ಯಾಂಕಿನ ಅಂಚಿಗೆ ಇಟ್ಟಿದ್ದ.

"ಸುರೀಬ್ಯಾಡ ಕಣಪ್ಪ."

"ಯಾಕವ್ವ?"

ಸಾಲಿನವರೆಲ್ಲ ತಿರುಗಿ ನೋಡಿದರು. ಆ ಸಾಲಿನಲ್ಲಿ ಅಶ್ವಥನ ಹಾಲಿನ ಬಗ್ಗೆ ಇದುವರೆಗೆ ಒಂದು ಮಾತು ಬಂದಿರಲಿಲ್ಲ. ಕಾವೇರಮ್ಮ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು.

"ಗೌರಿ ಹಾಲು ಸೇರ್ಬುಟ್ಟೈತೆ. ಸಿರೀದು ಏನೂ ತಪ್ಪಿಲ್ಲ. ಧೂಪುಕ್ಕೆ ಅಂತ ನಾನೇ ಪಟ್ಟಿ ಬಿಚ್ಚಿ ಮರ್ತುಬುಟ್ಟೆ."

ರಸೂಲನ ನಗು ನಿಂತಿತು. ಚಲುವಯ್ಯ ಟ್ಯಾಂಕಿನ ಮುಚ್ಚಳ ಎಳೆದ. "ಎರಡು ಕ್ಯಾನೂ ತಗಂಡೋಗಪ್ಪ," ಎಂದ, ಮೆಲ್ಲಗೆ.

ಅಶ್ವಥ್ ಬೈಕು ಸ್ಟಾರ್ಟ್ ಮಾಡಲಿಲ್ಲ. ಎರಡೂ ಬದಿಗೆ ಕ್ಯಾನು ತೂಗುಹಾಕಿಕೊಂಡು, ತಾಯಿಯ ಪಕ್ಕದಲ್ಲಿ ತಳ್ಳಿಕೊಂಡು ಬಂದ. ಅವನು ಬೈದರೂ ವಾಸಿ ಎನ್ನಿಸಿತು ಅವಳಿಗೆ. ತಿಪ್ಪೆಗುಂಡಿಯ ಹತ್ತಿರ ಒಂದೊಂದೇ ಕ್ಯಾನು ಬಗ್ಗಿಸಿದ. ಬೆಳಗಿನ ಅಷ್ಟೂ ಹಾಲು ಸಗಣಿಯ ಮೇಲೆ ಹರಿದು ನೊರೆಯಾಯಿತು.

"ಅಪ್ಪಾನೂ ಬಿಚ್ತಿತ್ತು," ಎಂದ, ಅವಳ ಕಡೆ ನೋಡದೆ. "ತಿರ್ಗ ಕಟ್ಟೋಗಂಟ ಪಟ್ಟೀನ ಹಲ್ಲಲ್ಲೇ ಕಚ್ಕಂಡಿರದು."

ಕಾವೇರಮ್ಮ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದಳು. "ಮಂತ್ರ ಯೋಳ್ಕತಾವ್ರೆ ಅನ್ಕಂಡಿದ್ದೆ ಕಣಪ್ಪ ನಾನು," ಎಂದಳು.

ಬಾವು ಬೇಗ ಇಳಿಯಲಿಲ್ಲ. ಮುಂದಿನ ಶನಿವಾರವೂ ಗೌರಿಯ ಕಾಲಲ್ಲಿ ಪಟ್ಟಿ ಇತ್ತು. ಧೂಪದ ಹೊಗೆಯ ನಡುವೆ ಕಾವೇರಮ್ಮ ಅದನ್ನು ಬಿಚ್ಚಿ, ಬಾಗಿಲಿಗೆ ಬೆನ್ನು ತಿರುಗಿಸಿ ನಿಂತಿದ್ದಳು.

"ಕಾಫಿ ತರ್ಲಾ ಅತ್ತೆ?" ಎಂದು ಸಿರಿ ಬಾಗಿಲಿನಿಂದ ಕೂಗಿದಳು.

ಅವಳು ತಿರುಗಲಿಲ್ಲ.